ಭಾನುವಾರ ಹನ್ನೊಂದಕ್ಕೆ ಕಚಗುಳಿ

ಜನವರಿ 20, 2002, ಭಾನುವಾರ

ಬೆಳಿಗ್ಗೆ ಉಪ್ಪಿಟ್ಟು. ಮತ್ತೆ. ಗುರುವಾರ ಸುಮಕ್ಕನನ್ನು ನೋಡಲು ಬಂದವರಿಗೆಂದು ತಂದ ರವೆ ಇನ್ನೂ ಮುಗಿದಿಲ್ಲ. ಅವರ ಕಡೆಯಿಂದ ಸುದ್ದಿಯೂ ಇಲ್ಲ. ಹುಡುಗ ಶಿವಪ್ರಕಾಶ್ ಪರವಾಗಿಲ್ಲ. ಹಳೇಬೀಡಿನಲ್ಲಿ ಮೋಟರ್ ವೈಂಡಿಂಗ್ ಅಂಗಡಿ, ಮಾದಿಹಳ್ಳಿಯಲ್ಲಿ ಸ್ವಂತ ಮನೆ. ಅವರಪ್ಪ ರೇವಣಸಿದ್ದಪ್ಪನವರದ್ದೇ ತಲೆಬಿಸಿ. ಅಬ್ಬಾ, ಏನು ಬಿಗುಮಾನ! ಶಾಲು ಹೊದ್ದು ಕೂತವರು ಅಲ್ಲಾಡಲಿಲ್ಲ. ಆಡಿದ್ದು ಒಂದೇ ಮಾತು. ಸೂರು ನೋಡಿಕೊಂಡು, ಬಾಯಿ ಒಂದು ಕಡೆಗೆ ಎಳೆದುಕೊಂಡು — "ಕಾ... ಫಿ... ಸಾ... ಕು."

ಅವರು ಹೋದ ಮೇಲೆ ಅದನ್ನೇ ಮಾಡಿ ತೋರಿಸಿದೆ. ಸುಮಕ್ಕ ಬಿದ್ದೂ ಬಿದ್ದೂ ನಕ್ಕಳು. ಅಪ್ಪ ಕೂಡ.

ಇನ್ನೊಂದು ಸುದ್ದಿ. 'ಕಾಗುಣಿತ ಕಚಗುಳಿ'ಗೆ ಸೆಲೆಕ್ಟ್ ಆಗಿದ್ದೇನೆ!! ಸೋಮವಾರ 28ಕ್ಕೆ ಬೆಂಗಳೂರಿನಲ್ಲಿ ರೆಕಾರ್ಡಿಂಗ್. ಕಷ್ಟದ ಪದ ಕೊಡುತ್ತಾರೆ, ಒಂದೊಂದೇ ಅಕ್ಷರ ಬಿಡಿಸಿ ಹೇಳಬೇಕು. ತಪ್ಪಿದರೆ ಮೇಲಿನಿಂದ ತಲೆಗೆ ಪುರಿ ಮೂಟೆ. ಆಮೇಲೆ ಜನರನ್ನು ನಗಿಸಿದರೆ ಮತ್ತೊಂದು ಚಾನ್ಸ್. ನಗಿಸುವುದು ನನಗಲ್ಲದೆ ಇನ್ಯಾರಿಗೆ ಬರಬೇಕು.

ಜನವರಿ 29, ಮಂಗಳವಾರ

ಜಡೆಯಲ್ಲಿ ಇನ್ನೂ ಪುರಿ ಸಿಗುತ್ತಿದೆ. ಮೂರನೇ ಪದಕ್ಕೇ ತಪ್ಪಿದೆ. ಮೂಟೆ ಬಿತ್ತು. ಆ್ಯಂಕರ್, "ಏನಮ್ಮಾ, ಅರಸೀಕೆರೇಲಿ ಕೊಬ್ಬರಿ ತಿಂದೂ ಬುದ್ಧಿ ಬರ್ಲಿಲ್ವಾ? ನಗಿಸು ಮತ್ತೆ" ಎಂದ. ಏನೂ ಹೊಳೆಯಲಿಲ್ಲ. ಆಮೇಲೆ ಹೊಳೆಯಿತು. "ನಮ್ಮಕ್ಕನ್ನ ನೋಡೋಕೆ ಹಳೇಬೀಡು ಕಡೆಯಿಂದ ಒಬ್ಬರು ಬೀಗರು ಬಂದಿದ್ರು ಸಾರ್" ಎಂದು ಶುರು ಮಾಡಿದೆ. ಪುರಿ ಒರೆಸಿಕೊಳ್ಳಲು ಕೊಟ್ಟ ಟವೆಲ್ಲನ್ನೇ ಶಾಲು ಮಾಡಿಕೊಂಡೆ. ಬಾಯಿ ಎಳೆದೆ. ಕಾ... ಫಿ...

ಏನು ನಗು! ಕ್ಯಾಮೆರಾದವನು ಕೂಡ ಹೊಟ್ಟೆ ಹಿಡಿದುಕೊಂಡ. ಜನರ ಮಧ್ಯೆ ಕೂತಿದ್ದ ಅಮ್ಮ ನಕ್ಕೂ ನಕ್ಕೂ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಎರಡನೇ ಬಹುಮಾನ ಒಂದು ಮಿಕ್ಸಿ. ರೈಲಿನಲ್ಲಿ ತೊಡೆ ಮೇಲೇ ಇಟ್ಟುಕೊಂಡು ತಂದೆ. ಮಾರ್ಚ್ 3, ಭಾನುವಾರ ಹನ್ನೊಂದಕ್ಕೆ ಟಿವಿಯಲ್ಲಿ ಬರುತ್ತದಂತೆ. ಏನು ಮಾಡಿ ನಗಿಸಿದೆನೆಂದು ಅಪ್ಪನಿಗೂ ಸುಮಕ್ಕನಿಗೂ ಹೇಳಿಲ್ಲ, ಟಿವಿಯಲ್ಲೇ ನೋಡಲಿ.

ಫೆಬ್ರವರಿ 12, ಮಂಗಳವಾರ

ಬರೆದರೆ ಸ್ವಲ್ಪ ಸಮಾಧಾನವಾದೀತು.

ಸಂಜೆ ಫೋನ್. ನಾನೇ ಎತ್ತಿದೆ. ಆ ಕಡೆ ಬರೀ ಉಸಿರು. ಇಟ್ಟುಬಿಡೋಣ ಅನ್ನುವಷ್ಟರಲ್ಲಿ — "ಒ... ಪ್ಪಿ... ಗೆ." ಆಮೇಲೆ ಶಿವಪ್ರಕಾಶ್ ಮಾತಾಡಿದರು.

"ತಪ್ಪು ತಿಳ್ಕೋಬೇಡಿ, ತಡ ಆಯ್ತು. ಅಪ್ಪಾಜಿಗೆ ಹೋದ ವರ್ಷ ಸ್ಟ್ರೋಕ್ ಆಗಿ ಎಡಗೈ, ಮಾತು ಎರಡೂ ಹೋಗಿತ್ತು. ಒಪ್ಪಿಗೆ ತಾನೇ ಹೇಳ್ಬೇಕು ಅಂತ ಹಟ ಹಿಡಿದ್ರು. ಇಷ್ಟು ದಿನ ಅದನ್ನೇ ಪ್ರಾಕ್ಟೀಸ್ ಮಾಡಿದ್ದು ಕಣ್ರೀ."

ಶಾಲು ಕೈ ಮುಚ್ಚುವುದಕ್ಕೆ. ಬಾಯಿ ಅವರು ಎಳೆದದ್ದಲ್ಲ, ಅದಾಗಿ ಎಳೆಯುತ್ತಿತ್ತು.

ಅಪ್ಪ ಖುಷಿಯಲ್ಲಿ ರಿಸೀವರ್ ಕಿತ್ತುಕೊಂಡು ನಾನು ಟಿವಿಯಲ್ಲಿ ಬರುವುದನ್ನೂ ಹೇಳಿಬಿಟ್ಟರು. ಶಿವಪ್ರಕಾಶ್ ಕೂಗಿಕೊಂಡದ್ದು ನನಗೂ ಕೇಳಿಸಿತು. "ಕಾಗುಣಿತ ಕಚಗುಳೀನಾ? ಅಪ್ಪಾಜಿ ಒಂದು ವಾರಾನೂ ತಪ್ಪಿಸಲ್ಲ! ಅದರಲ್ಲಿ ಆಡೋರ ಜೊತೆ ತಾವೂ ಒಂದೊಂದೇ ಅಕ್ಷರ ಹೇಳ್ತಾರೆ. ಅರ್ಧ ಮಾತು ಬಂದಿದ್ದೇ ಅದರಿಂದ."

ಸುಮಕ್ಕ ದೇವರ ಮುಂದೆ ದೀಪ ಹಚ್ಚಿದಳು. ನಾನು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡೆ.

ಫೆಬ್ರವರಿ 14, ಗುರುವಾರ

ಕಾಲೇಜಿಗೆ ಹೋಗಲಿಲ್ಲ. ಎಸ್‌ಟಿಡಿ ಬೂತಿನಿಂದ ಟಿವಿಯವರಿಗೆ ಫೋನ್ ಮಾಡಿದೆ. ಆ ಭಾಗ ದಯವಿಟ್ಟು ತೆಗೆದುಹಾಕಿ ಎಂದೆ. "ಅಯ್ಯೋ ಮೇಡಂ, ಇಡೀ ಎಪಿಸೋಡಿಗೆ ಅದೇ ಹೈಲೈಟು!" ಎಂದು ನಕ್ಕು ಇಟ್ಟರು.

ಅಮ್ಮನಿಗೆ ಹೇಳಿದೆ. ಒಲೆ ಮುಂದೆ ಕೂತಿದ್ದಳು, ತಿರುಗಿ ಕೂಡ ನೋಡಲಿಲ್ಲ. "ಬಾಯ್ ಮುಚ್ಕೊಂಡಿರು. ನಿಮ್ಮಪ್ಪಂಗೂ ಹೇಳ್ಬೇಡ, ಸುಮಂಗೂ ಹೇಳ್ಬೇಡ. ಈ ಸಂಬಂಧ ಮುರಿದ್ರೆ ಅವಳು ಎದ್ದು ನಿಲ್ಲಲ್ಲ."

"ನೀನೂ ನಕ್ಕೆ ಅಲ್ವಾ ಅಮ್ಮ."

"ನಕ್ಕೆ ಕಣೇ. ಅದಕ್ಕೇ ಹೊಟ್ಟೆ ಉರೀತಿರೋದು."

ಫೆಬ್ರವರಿ 24, ಭಾನುವಾರ

ಈ ಹತ್ತು ದಿನ ಬರೆಯುವುದಕ್ಕೆ ಏನೂ ಇರಲಿಲ್ಲ. ಹೆದರಿಕೆ ಬಿಟ್ಟರೆ.

ಇವತ್ತು ಪ್ರೋಮೋ ಬಂತು. ನನ್ನ ತಲೆ ಮೇಲೆ ಪುರಿ ಬೀಳುವುದು, ಆಮೇಲೆ ಟವೆಲ್ ಹೊದೆಯುವುದು. ಅಲ್ಲಿಗೆ ಕಟ್. ಅಪ್ಪ ಚಪ್ಪಾಳೆ ತಟ್ಟಿದರು. ಕೂಡಲೇ ಮಾದಿಹಳ್ಳಿಯಿಂದ ಫೋನ್. ಮುಂದಿನ ಭಾನುವಾರವೇ ಮನೆ ನೋಡೋಕೆ ಬರಬೇಕಂತೆ. ಹೆಣ್ಣಿನ ಕಡೆಯವರು ಒಂದು ಸಲ ಹೋಗಿ ನೋಡಿ ಬರುವುದು ಹೇಗೂ ಬಾಕಿ ಇತ್ತು. "ಅಪ್ಪಾಜಿ ಆಸೆ. ಹೇಮಾ ಪ್ರೋಗ್ರಾಂ ಎಲ್ಲಾ ಒಟ್ಟಿಗೇ ಕೂತು ನೋಡ್ಬೇಕಂತೆ."

ಅಮ್ಮ, ನಾನು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಜ್ವರ ಬಂದಿದೆ ಅನ್ನಲೇ ಎಂದೆ. ಜ್ವರ ಬಂದರೆ ಟಿವಿ ನಿಲ್ಲುತ್ತದಾ ಎಂದಳು.

ಸುಮಕ್ಕ ರಾಮಾ ಹಸಿರು ಸೀರೆ ತೆಗೆದು, ಇದು ಉಡಲಾ ಎಂದು ಕೇಳಿದಳು. ಚೆನ್ನಾಗಿದೆ ಎಂದೆ. ನಿಜವಾಗಿಯೂ ಚೆನ್ನಾಗಿದೆ. ಹೇಳಿಬಿಡೋಣ ಎಂದು ಬಾಯಿ ತೆರೆದೆ. ಬ್ಲೌಸ್ ಯಾವುದು ಎಂದು ಕೇಳಿದೆ.

ಮಾರ್ಚ್ 1, ಶುಕ್ರವಾರ

ದೇವರಿದ್ದಾನೆ! ಮಾದಿಹಳ್ಳಿ ಕಡೆ ಭಾನುವಾರ ಹತ್ತರಿಂದ ಒಂದರವರೆಗೆ ಕರೆಂಟ್ ಇಲ್ಲವಂತೆ. ಲೈನ್ ರಿಪೇರಿ. ಅಮ್ಮ ಮಾಲೇಕಲ್ಲು ಬೆಟ್ಟ ಹತ್ತುತ್ತೇನೆಂದು ಹರಕೆ ಹೊತ್ತಿದ್ದಳು. ಇಬ್ಬರೂ ಅಡುಗೆಮನೆಯಲ್ಲಿ ಕೈ ಕೈ ಹಿಡಿದುಕೊಂಡು ನಕ್ಕೆವು. ಹೊಟ್ಟೆ ತುಂಬ ಊಟ ಮಾಡಿದೆ.

ರಾತ್ರಿ ಸುಮಕ್ಕ ಹೇಳಿದಳು. "ಅವರು ಫೋನ್ ಮಾಡಿದ್ರು ಕಣೇ. ಕರೆಂಟ್ ಹೋದ್ರೂ ಹೆದರ್ಬೇಡಿ ಅಂದ್ರು. ಟ್ರ್ಯಾಕ್ಟರ್ ಬ್ಯಾಟರಿಗೆ ಟಿವಿ ಕನೆಕ್ಷನ್ ಕೊಟ್ಟು, ಕೇಬಲ್‌ನವನಿಗೂ ಒಂದು ಬ್ಯಾಟರಿ ಕೊಟ್ಟು ಬಂದವ್ರಂತೆ. ಎಲ್ಲಾ ನಿನಗೋಸ್ಕರ."

ಮಾರ್ಚ್ 3, ಭಾನುವಾರ. ಮಾದಿಹಳ್ಳಿ. ಹತ್ತೂ ಮುಕ್ಕಾಲು

ಸೀರೆ ಸರಿಮಾಡಿಕೊಳ್ಳುತ್ತೇನೆಂದು ಒಳಕೋಣೆಗೆ ಬಂದು ಚಿಲಕ ಹಾಕಿಕೊಂಡಿದ್ದೇನೆ. ಬಸ್ಸಿನಲ್ಲಿ ಜಾವಗಲ್ ದಾಟುವವರೆಗೂ ಅಮ್ಮ ನನ್ನ ಕೈ ಬಿಡಲಿಲ್ಲ.

ಮನೆ ಚೆನ್ನಾಗಿದೆ. ಹಿತ್ತಲಲ್ಲಿ ತೆಂಗು, ಕೊಟ್ಟಿಗೆಯಲ್ಲಿ ಎರಡು ಸೀಮೆಹಸು. ಅಪ್ಪ ಎಲ್ಲವನ್ನೂ ಮುಟ್ಟಿ ಮುಟ್ಟಿ ನೋಡಿದರು. ಹಜಾರದಲ್ಲಿ ಟಿವಿ, ಅದರ ಕೆಳಗೆ ಬ್ಯಾಟರಿ. ಮುಂದೆ ಎರಡು ಕುರ್ಚಿ. ಒಂದರಲ್ಲಿ ಅವರು, ಅದೇ ಶಾಲು. ಪಕ್ಕದ್ದು ನನಗಂತೆ. ನಮಸ್ಕಾರ ಮಾಡಿದೆ. ಬಲಗೈ ನನ್ನ ತಲೆ ಮೇಲಿಟ್ಟು ಏನೋ ಹೇಳಹೋದರು, ಬರಲಿಲ್ಲ, ನಕ್ಕರು. ನಗು ಒಂದೇ ಕಡೆ. ಅವತ್ತು ನಾನು ನೋಡಿರಲೇ ಇಲ್ಲ.

ಅವರ ಹೆಂಡತಿ ನನ್ನನ್ನು ಈ ಕೋಣೆಗೆ ಬಿಡುತ್ತಾ ಹೇಳಿದರು. "ನಿನ್ ಹೆಸ್ರು ಹೇಳಕ್ ಕಲೀತಾವ್ರೆ ಕಣವ್ವ. ವಾರದಿಂದ ಅದೇ ಕೆಲ್ಸ. ಹೇ ಬತ್ತದೆ, ಮಾ ಬತ್ತದೆ, ಶ್ರೀ ಅನ್ನಕ್ಕೆ ನಾಲ್ಗೆ ತಿರುಗಲ್ಲ. ಇವತ್ತು ಟಿವೀಲಿ ನೀನು ಬರೋ ಹೊತ್ಗೆ ಪೂರ್ತಿ ಕರೀಬೇಕು ಅಂತ ಆಸೆ ಐತೆ."

ಇಲ್ಲ. ಇನ್ನು ಸುಮ್ಮನಿರಲಾರೆ. ಟಿವಿ ಹೇಳುವ ಮುಂಚೆ ನಾನೇ ಹೇಳುತ್ತೇನೆ. ಕಾಲು ಹಿಡಿದುಕೊಳ್ಳುತ್ತೇನೆ. ಸುಮಕ್ಕ ಜನ್ಮದಲ್ಲಿ ನನ್ನೊಡನೆ ಮಾತಾಡದಿದ್ದರೂ ಸರಿ. ಈಗಲೇ. ಚಿಲಕ ತೆಗೆಯುವುದು ಅಷ್ಟೇ. ಇನ್ನೊಂದು ಸಾಲು ಬರೆದು... ಯಾಕೆ ಬರೆಯುತ್ತಾ ಕೂತಿದ್ದೇನೆ? ಹೆದರಿಕೆ.

ಹಜಾರದಿಂದ ರೇವಣಸಿದ್ದಪ್ಪನವರ ದನಿ. ಅವರು ಕರೆಯುತ್ತಿದ್ದಾರೆ.

ಹೇ...

ಮಾ...

ಶ್ರೀ! ಬಂತು! ಪೂರ್ತಿ ಬಂತು! ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದಾರೆ, ಸುಮಕ್ಕ ಜೋರಾಗಿ ನಗುತ್ತಿದ್ದಾಳೆ — ಚಪ್ಪಾಳೆ ನಿಲ್ಲುತ್ತಲೇ ಇಲ್ಲ. ಇಷ್ಟು ಜನ ಎಲ್ಲಿದ್ದಾರೆ ಇಲ್ಲಿ... ಅಯ್ಯೋ, ಅದು ಟಿವಿ. ಶುರುವಾ