ಬೆನ್ನಿನ ಎರಡು ಕುಳಿ

ಹೆಮ್ಮಾಡಿ
14 ಅಕ್ಟೋಬರ್ 1999

ಮುಂಬೈಯಲ್ಲಿ ಕ್ಷೇಮವಾಗಿರುವ ನಿಮಗೆ, ಪ್ರಫುಲ್ಲಾ ಮಾಡುವ ನಮಸ್ಕಾರ.

ಎರಡು ವರ್ಷದ ಮೇಲೆ ನಿಮ್ಮ ಕಾಗದ ಬಂತು. ಕ್ಯಾಂಟೀನಿನಲ್ಲಿ ಕೆಲಸ, ದೀಪಾವಳಿಗೆ ಬರುವ ಆಸೆ ಎಂದು ಬರೆದಿದ್ದೀರಿ. ಅದನ್ನು ಅತ್ತೆಗೆ ಓದಿ ಹೇಳಿಲ್ಲ. ಮೊನ್ನೆಯಷ್ಟೇ ನಿಮ್ಮ ಉತ್ತರಕ್ರಿಯೆ, ಬೊಜ್ಜದ ಊಟ ಮುಗಿಯಿತು.

ತ್ರಾಸಿಯ ದಂಡೆಗೆ ಒಂದು ಹೆಣ ಬಂದು ಬಿದ್ದಿತ್ತು. ಮುಖವನ್ನು ಮೀನುಗಳು ತಿಂದಿದ್ದವು. ನೀವು ಮುಂಬೈ ಬಿಟ್ಟು ಬೋಟಿಗೆ ಸೇರಿದ್ದೀರೆಂದು ವಂಡ್ಸೆಯ ಐತ ಅದೇ ವಾರ ಸುದ್ದಿ ತಂದಿದ್ದ. ಹಾಗಾಗಿ ನಮ್ಮನ್ನು ಕರೆದರು. ಅತ್ತೆ ಹೆಣವನ್ನು ಕವುಚಿ ಹಾಕಿಸಿದರು. ಸೊಂಟದ ಮೇಲೆ, ಬೆನ್ನುಮೂಳೆಯ ಎಡಕ್ಕೂ ಬಲಕ್ಕೂ, ನಿಮಗಿರುವಂಥದೇ ಎರಡು ಕುಳಿಗಳಿದ್ದವು. ಎಣ್ಣೆ ಹಚ್ಚಿ ಮೀಯಿಸುವಾಗ ಕೂಸನ್ನು ಕಾಲ ಮೇಲೆ ಕವುಚಿ ಮಲಗಿಸಿ ಅತ್ತೆ ಹೆಬ್ಬೆರಳು ಒತ್ತುತ್ತಿದ್ದ ಜಾಗ. ಅಂದೂ ಒತ್ತಿದರು. ಬೆರಳು ಸರಿಯಾಗಿ ಕೂತವು.

“ಇವ ನಮ್ ಬಚ್ಚನೇ. ನಾನ್ ಮೀಸಿದ್ ಮೈ, ನಂಗ್ ಗೊತ್ತಾತಿಲ್ಯಾ?” ಎಂದು ನಿಮ್ಮ ಹೆಸರು ಹಿಡಿದು ಹೇಳಿದರು. ಇಂಥ ಕುಳಿ ಎಷ್ಟೋ ಜನಕ್ಕಿರುತ್ತದೆ ಎಂದ ಪೊಲೀಸಿನವನಿಗೆ, “ಹಾಂಗಾರೆ ನಿನ್ ಬೆನ್ನ್ ತೋರ್ಸ್, ಕಾಂಬ” ಎಂದರು.

ನಾನೂ ಬಗ್ಗಿ ನೋಡಿದೆ. ನಿಮ್ಮ ಎಡಗಡೆಯ ಕುಳಿಯ ಅಂಚಿನಲ್ಲಿ ಒಂದು ಮಚ್ಚೆಯಿದೆ. ಅಲ್ಲಿ ಇರಲಿಲ್ಲ. ನೀರಿನಲ್ಲಿ ನೆನೆದ ಚರ್ಮ, ಅಳಿಸಿರಬಹುದು ಎಂದುಕೊಂಡೆ. ಏನೂ ಹೇಳಲಿಲ್ಲ.

ಈಗ ಅತ್ತೆ ಅಳುವುದಿಲ್ಲ. ಹೆಣ ಸಿಗುವ ಮೊದಲೇ ನಿಮ್ಮನ್ನು ಹುಡುಕಲು ಹೊರಟ ನಿಮ್ಮ ತಮ್ಮ ಮುತ್ತನಾದರೂ ಹಿಂದೆ ಬರುತ್ತಾನೆಂದು ಬೆಳಿಗ್ಗೆ ಹೆದ್ದಾರಿಗೆ ಹೋಗಿ, ಮುಂಬೈ ಬಸ್ಸಿನಿಂದ ಇಳಿಯುವವರ ಮುಖ ನೋಡುತ್ತಾ ನಿಲ್ಲುತ್ತಾರೆ. ನಿಮ್ಮ ಕಾಗದದಲ್ಲಿ ಅವನ ಸುದ್ದಿಯೇ ಇಲ್ಲ. ಹಾಳೆ ತಿರುಗಿಸಿಯೂ ನೋಡಿದೆ.

ನೀವು ಬದುಕಿದ್ದೀರಿ. ನನಗೆ ಸಂತೋಷವಾಗಬೇಕಿತ್ತು.

ನಿಮ್ಮ
ಪ್ರಫುಲ್ಲಾ

ವಿ.ಸೂ.: ಬಸ್ಸಿಗೆಂದು ಅತ್ತೆಗೆ ಹೇಳಿ ಹೊರಟ ಮುತ್ತ, ಗಂಗೊಳ್ಳಿಯಲ್ಲಿ ಉತ್ತರಕ್ಕೆ ಹೋಗುವ ಬೋಟು ಹತ್ತಿದ್ದ. “ಅತ್ಗೆ, ಬಸ್ಸಂಗೆ ನಂಗ್ ವಾಂತಿ ಬತ್ತ್, ಬೋಟಂಗೆ ಬತ್ತಿಲ್ಲ. ಅಬ್ಬಿಗ್ ಹೇಳ್ಬೇಡಿ, ಕಾಣಿ” ಎಂದು ನಗಾಡಿದ್ದ. ನಾನು ಅತ್ತೆಗೆ ಹೇಳಿಲ್ಲ. ಅವನ ಬೆನ್ನು ನಾನು ಕಂಡವಳಲ್ಲ. ಅತ್ತೆ ಮೀಯಿಸಿದ್ದು ಇಬ್ಬರನ್ನೂ. ಅವನು ನಿಮ್ಮ ಹತ್ತಿರ ಇದ್ದರೆ ಇಬ್ಬರೂ ಕೂಡಿ ಬನ್ನಿ. ನೀವೊಬ್ಬರೇ ಬರಬೇಡಿ.