ಮೇಣದಲ್ಲಿ ನನ್ನ ಹೆಬ್ಬೆಟ್ಟು

ಮಾರ್ಚ್ 3, ಸೋಮವಾರ, ಸಂಜೆ 5

...ಹಾಗಾದರೆ ಅವರ ಮೇಣ ಇಷ್ಟು ಹಳದಿ ಯಾಕೆ? ಕಂದು ಇರಬೇಕಲ್ಲ. ನಿನ್ನೆ ಇಲ್ಲಿಗೇ ನಿಲ್ಲಿಸಿದ್ದೆ. ಪೆನ್ನಿನ ಶಾಯಿ ಮುಗಿದಿತ್ತು, ಯೋಚನೆ ಮುಗಿದಿರಲಿಲ್ಲ.

ಒಪ್ಪಂದವಾಗಿ ಒಂಬತ್ತು ವರ್ಷ. ಪುಟ್ಟ ದೇಶ ನಮ್ಮದು, ಅದಕ್ಕಿಂತ ಪುಟ್ಟದು ಅವರದು, ನಡುವೆ ಹಡಗಿಗೆ ನಲವತ್ತು ದಿನದ ದಾರಿ. ನಮ್ಮ ಜೇನುಮೇಣ ಅವರ ಮೇಣದಬತ್ತಿಗೆ, ಅವರ ಕಂದು ಮೇಣ ನಮ್ಮ ಬೂಟ್ ಪಾಲಿಶ್‌ಗೆ. ಬೈಲ್ಯಾಟರಲ್ ಟ್ರೇಡ್. ಕಾಲೇಜಿನಲ್ಲಿ ಎಕನಾಮಿಕ್ಸ್ ಮೇಷ್ಟ್ರು ಹೇಳುತ್ತಿದ್ದರು — ಕಂಪ್ಯಾರೆಟಿವ್ ಅಡ್ವಾಂಟೇಜ್ ಈಸ್ ದಿ... ದಿ ಏನೋ. ಯಾರಿಗೆ ಯಾವುದು ಸಲೀಸೋ ಅವರು ಅದನ್ನೇ ಮಾಡಬೇಕು, ಒಬ್ಬ ಬಟ್ಟೆ ನೇಯಬೇಕು, ಇನ್ನೊಬ್ಬ ದ್ರಾಕ್ಷಿ ಬೆಳೆಯಬೇಕು ಅಂತ. ಇಬ್ಬರೂ ಮೇಣವನ್ನೇ ಮಾಡಿದರೆ ಏನಾಗುತ್ತದೆ ಅಂತ ಹೇಳಲಿಲ್ಲ. ಹೇಳಿದ್ದರೂ ಆ ದಿನ ನಾನು ಕ್ಲಾಸಿಗೆ ಹೋಗಿರಲಿಕ್ಕಿಲ್ಲ.

ಬಂದರಿನ ಗೋದಾಮಿನಲ್ಲಿ ಹೋಗುವ ಮೇಣ, ಬರುವ ಮೇಣ ಎರಡನ್ನೂ ನೋಡಿ ಸಹಿ ಹಾಕುವವನು ನಾನು. ಎರಡನ್ನೂ ಸಾಗಿಸುವ ಏಜೆಂಟು ನನ್ನ ಅಳಿಯ. ವರ್ಷಕ್ಕೆ ಇಷ್ಟು ಟನ್ ಹೋಗಬೇಕು, ಅಷ್ಟೇ ಬರಬೇಕು. ಕಡಿಮೆಯಾದರೆ ಅವನ ಲೈಸೆನ್ಸ್ ರದ್ದು. ಒಂದು ವರ್ಷವೂ ಕಡಿಮೆಯಾಗಿಲ್ಲ. ಆದರೆ ಬೂಟ್ ಪಾಲಿಶ್ ಕಾರ್ಖಾನೆ ಮುಚ್ಚಿ ಎರಡು ವರ್ಷ ಆಯಿತಲ್ಲ? ಯಾರ ಬೂಟಿಗೆ ಬರುತ್ತಿದೆ ಈ ಮೇಣ?

ಮಾರ್ಚ್ 4, ಮಂಗಳವಾರ, ಸಂಜೆ

ಕ್ರಮವಾಗಿ ಬರೆಯುತ್ತೇನೆ.

ಹೋಗುವ ಮೇಣದ ಪ್ರತಿ ಗಟ್ಟಿಯ ತಳದ ಮೂಲೆಯಲ್ಲಿ ಹೆಬ್ಬೆರಳು ಒತ್ತಿ ನೋಡುತ್ತೇನೆ, ಹದ ಗೊತ್ತಾಗುತ್ತದೆ. ರೂಲ್ ಬುಕ್ಕಿನಲ್ಲಿ ಇಲ್ಲ, ನನ್ನದೇ ಚಾಳಿ. ಬರುವ ಮೇಣವನ್ನು ಮಾತ್ರ ಮೇಲಿಂದ ನೋಡಿ ಸಹಿ ಹಾಕುವುದು. ಯಾರೂ ಮಗುಚಿ ನೋಡುವುದಿಲ್ಲ. ನಾನೂ ನೋಡಿರಲಿಲ್ಲ.

ಇವತ್ತು ಬಂದ ಗಟ್ಟಿಯೊಂದು ಕೈಜಾರಿ ಬೋರಲು ಬಿತ್ತು. ತಳದ ಮೂಲೆಯಲ್ಲಿ ಒಂದು ಹೆಬ್ಬೆಟ್ಟು. ನಡುವೆ ಓರೆಯಾದ ಗೀರು. ಆ ಗೀರು ನನಗೆ ಗೊತ್ತು — ಹೆಂಡತಿ ತೀರಿಹೋದ ಮೇಲೆ ಮೊದಲ ಸಲ ಈರುಳ್ಳಿ ಹೆಚ್ಚಲು ಹೋಗಿ ಕುಯ್ದುಕೊಂಡದ್ದು. ಹೆಬ್ಬೆರಳನ್ನು ಇಟ್ಟು ನೋಡಿದೆ. ಅಚ್ಚಿನೊಳಗೆ ಸರಿಯಾಗಿ ಕೂತಿತು.

ಇನ್ನೂ ಮೂರು ಗಟ್ಟಿ ಮಗುಚಿದೆ. ಮೂರರಲ್ಲೂ ನಾನೇ. ಒಂದರಲ್ಲಂತೂ ಎರಡು ಸಲ ನಾನು.

ನಮ್ಮ ಮೇಣವೇ ಹೋಗಿ, ಅವರ ಮೇಣವಾಗಿ ಬಂದು, ಮತ್ತೆ ನಮ್ಮದಾಗಿ ಹೋಗುತ್ತಿದೆ. ಪ್ರತಿ ಸಲವೂ ನನ್ನ ಸಹಿಯೊಡನೆ.

ಒಂದು ಗಟ್ಟಿಯನ್ನು ಊಟದ ಚೀಲಕ್ಕೆ ತುರುಕಿದೆ. ಸಂಜೆ ಅಳಿಯ ಬೈಕಿನಲ್ಲಿ ಮನೆಗೆ ಬಿಟ್ಟ. ಚೀಲದ ಮೇಲೇ ಕಣ್ಣು.

"ಊಟ ಮಾಡಿದ ಮೇಲೂ ಡಬ್ಬಿ ಇಷ್ಟು ಭಾರಾನಾ ಮಾವ?"

"ನಿನ್ನ ಹೆಂಡ್ತಿ ಕಳಿಸಿದ ಪಲ್ಯ ಕಣಪ್ಪ, ಮುಗಿಯೋದೇ ಇಲ್ಲ" ಅಂದೆ.

ನಕ್ಕ. ನಗು ಕಣ್ಣಿಗೆ ಏರಲಿಲ್ಲ. ನನ್ನ ಹೆಂಡತಿ ಒಮ್ಮೆ ಹೇಳಿದ್ದಳು, ಇವನು ಬಂದಾಗಲೆಲ್ಲ ನಿಮ್ಮ ಮುಖ ನೋಡೋದಿಲ್ಲ, ಕೈ ನೋಡ್ತಾನೆ ಅಂತ. ಆಗ ನಾನೇ ಅವಳನ್ನು ಗದರಿದ್ದೆ.

ಮಾರ್ಚ್ 5, ಬುಧವಾರ

ಮಗಳಿಗೆ ಮಾತ್ರ ಹೇಳಿದೆ. ಬೇರೆ ಯಾರಿಗೂ ಇಲ್ಲ. ಇತ್ತೀಚೆಗೆ ನಿಮಗೆ ಹಾಲಿನವನ ಮೇಲೂ ಅನುಮಾನ ಅಲ್ವಾ ಅಪ್ಪಾ ಅಂದಳು. ಹಾಲಿನವನದು ಬೇರೆ ವಿಷಯ. ಅವನು ನೀರು ಹಾಕುವುದು ಖಂಡಿತ.

ಮಾರ್ಚ್ 6, ಗುರುವಾರ, ಮಧ್ಯಾಹ್ನ

ಗೋದಾಮಿನಲ್ಲಿ ಒಂದೊಂದಾಗಿ ಮಗುಚಿದೆ. ಎಲ್ಲ ಗಟ್ಟಿಗಳ ತಳದ ಮೂಲೆ ಕೆತ್ತಿಹಾಕಿದ್ದಾರೆ. ಇಲಿ ಕಡಿದಿರಬೇಕು ಸಾರ್ ಅಂತ ಗೋದಾಮಿನ ಕಾವಲುಗಾರ. ಇಲಿಗಳು ಚಾಕು ಹಿಡಿಯಲು ಕಲಿತದ್ದು ಯಾವಾಗಿನಿಂದ?

ಅಳಿಯ ಈ ಸಲ ಬಂದ ಮೇಣದ ಕಾಗದ ತಂದು ಮೇಜಿನ ಮೇಲಿಟ್ಟ. ಸೋಮವಾರ ಸಹಿ ಬೇಕಂತೆ.

"ಹಳೇ ಕಾಗದ ಎಲ್ಲದರಲ್ಲೂ ನಿಮ್ಮ ಸಹೀನೇ ಇರೋದು ಮಾವ. ಈಗ ಹೊಸದಾಗಿ ಯಾಕೆ ತಲೆ ಕೆಡಿಸ್ಕೋತೀರಿ?"

ಮೆತ್ತಗೆ ಹೇಳಿದ. ಕುರ್ಚಿ ಸರಿಮಾಡಿ ಹೋದ.

ನಾನು ಹೇಳಿದ್ದು ಒಬ್ಬಳಿಗೆ. ಒಬ್ಬಳಿಗೇ.

ಮಾರ್ಚ್ 9, ಭಾನುವಾರ, ಸಂಜೆ 6.30

ಎರಡು ದಿನ ಏನೂ ಬರೆಯಲಿಲ್ಲ. ಮನೆಯಲ್ಲಿರುವ ಗಟ್ಟಿಯೊಂದೇ ಈಗ ಉಳಿದ ಸಾಕ್ಷಿ. ಅಡುಗೆಮನೆಯಲ್ಲಿ, ಹಿಟ್ಟಿನ ಡಬ್ಬಿಯೊಳಗೆ ಹೂತಿಟ್ಟಿದ್ದೆ.

ಮೂರು ಗಂಟೆಗೆ ಮಗಳು ಬಂದಳು. ಮನೆ ಕ್ಲೀನ್ ಮಾಡಿಕೊಡಲಂತೆ. ಕರೆಯದೆ ಬಂದಳು. ನಾನು ಪೇಪರ್ ಹಿಡಿದು ಕೂತೆ, ಓದಲಿಲ್ಲ, ಕಿವಿ ಅಡುಗೆಮನೆಯಲ್ಲಿ. ಒಂದೊಂದೇ ಡಬ್ಬಿಯ ಮುಚ್ಚಳ ತೆಗೆಯುವ ಸದ್ದು. ಆಮೇಲೆ ಸದ್ದಿಲ್ಲ. ಎದ್ದು ಹೋಗಿ ನೋಡಿದೆ. ಹಿಟ್ಟಿನ ಡಬ್ಬಿ ಹಗುರ. ಮಗಳು ಅಲ್ಲಿಲ್ಲ.

ಅವಳು ಬಚ್ಚಲಿನಿಂದ ಕೈ ಒರೆಸಿಕೊಳ್ಳುತ್ತ ಬಂದಳು.

"ಅದನ್ನ ಒಲೆ ಪಕ್ಕ ಇಡ್ತಾರಾ ಅಪ್ಪಾ? ಆಗಲೇ ಮೆತ್ತಗಾಗಿತ್ತು. ತಣ್ಣೀರಿನ ಬಕೆಟ್ಟಲ್ಲಿ ಹಾಕಿದೀನಿ."

"ಗುರುತು?"

"ಇದೆ. ಗೀರೂ ಇದೆ."

ಬುಧವಾರ ಗಂಡನನ್ನು ಕೇಳಿದ್ದಳಂತೆ, ಅಪ್ಪ ಹೀಗಂತಾರೆ, ನಿಜಾನಾ ಅಂತ. ಇಲ್ಲ ಅನ್ನುತ್ತಾನೆ ಎಂದೇ ನಂಬಿ ಕೇಳಿದ್ದು. ಅವನು ಚಪ್ಪಲಿ ಮೆಟ್ಟಿಕೊಂಡು ಗೋದಾಮಿಗೆ ಹೋದ. ಉತ್ತರ ಅದರಲ್ಲೇ ಸಿಕ್ಕಿತು ಅಂದಳು.

ಲೈಸೆನ್ಸ್ ಹೋಗುತ್ತದೆ, ಅವನು ಜೈಲಿಗೂ ಹೋಗಬಹುದು, ನನ್ನನ್ನೂ ಬಿಡುವುದಿಲ್ಲ ಅಂದೆ. ಗೊತ್ತು ಅಂದಳು. ಬಿಳಿ ಹಾಳೆ ತಂದು ನನ್ನ ಮುಂದಿಟ್ಟಳು.

"ಬರೀರಿ. ನಾನು ಇಲ್ಲೇ ಇರ್ತೀನಿ."

ನಾಲ್ಕು ದಿನ ಇವಳನ್ನು ಏನೆಂದುಕೊಂಡೆ ಎನ್ನುವುದನ್ನು ಇಲ್ಲಿಯೂ ಬರೆಯಲಾರೆ.

ವರದಿಯ ಮೊದಲ ಸಾಲು ಬರೆದಾಯಿತು: ಹೊರದೇಶದಿಂದ ಬಂದ ಮೇಣದಲ್ಲಿರುವ ಹೆಬ್ಬೆಟ್ಟು ನನ್ನದು. ಎರಡನೆಯ ಸಾಲಿನಲ್ಲಿ ಅಳಿಯನ ಹೆಸರು ಬರಬೇಕು. ಅಲ್ಲಿಗೆ ಬಂದು ಪೆನ್ನು ನಿಂತಿತು, ಅದಕ್ಕೇ ಈ ಪುಸ್ತಕ ತೆಗೆದೆ. ಬಚ್ಚಲಲ್ಲಿ ಅವಳು ಬಕೆಟ್ಟಿನ ನೀರು ಬದಲಿಸುತ್ತಿದ್ದಾಳೆ. ಮೂರನೇ ಸಲ.

ಬೆಳಕು ಹೋಗುತ್ತಿದೆ. ದೀಪ ಹಾಕಲು ಎದ್ದರೆ ಮತ್ತೆ ಕೂರುತ್ತೇನೋ ಇಲ್ಲವೋ. ಅಕ್ಷರ ಕಾಣುತ್ತಿರುವಾಗಲೇ ಆ ಎರಡನೇ ಸಾಲು ಬರೆದುಬಿಡಬೇಕು —