ಕರವಸ್ತ್ರದಲ್ಲಿ ಸುತ್ತಿದ್ದು

ಒಸಾಕಾ
ಮಾರ್ಚ್ ೧೫, ಶನಿವಾರ

ಪ್ರೀತಿಯ ತಂಗಿ ತೊವಾ,

ಈಗ ಸಂಜೆ ಆರೂವರೆ. ಬೆಳಗ್ಗೆ ಅಳಿಯನ ಮನೆ, ಆಮೇಲೆ ಪೇಟೆ, ಕೋಟೆ, ಊಟ. ಇಡೀ ದಿನ ಊರು ನೋಡಿದೆ. ಚಿಗುಸಾ ಇಲ್ಲಿ ಹನ್ನೊಂದು ವರ್ಷ ಸಂಸಾರ ಮಾಡಿದಳು. ಹೆತ್ತ ನಾನು ಬಂದದ್ದು ಅವಳು ಸತ್ತ ನಲವತ್ತೊಂಬತ್ತನೆಯ ದಿನದ ಪೂಜೆಗೆ, ಅದು ನಾಳೆ. ವಸತಿಗೃಹದ ಕೋಣೆಗೆ ಬಂದು ಚಿಲಕ ಹಾಕಿಕೊಂಡಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಮನ್ನಿಸು.

ಬೆಳಗ್ಗೆ ಅವಳ ಚಿತ್ರದ ಮುಂದೆ ಧೂಪ ಹಚ್ಚಿದೆ. ಪಕ್ಕದಲ್ಲಿ ಅಸ್ಥಿಯ ಕುಡಿಕೆ ಇತ್ತು. ತೊವಾ, ಅದು ಅನ್ನದ ಬಟ್ಟಲಿಗಿಂತ ತುಸು ದೊಡ್ಡದು, ಅಷ್ಟೇ. ಅಮ್ಮನ ಕುಡಿಕೆಯನ್ನು ನಾವಿಬ್ಬರೂ ಸರದಿಯ ಮೇಲೆ ಎದೆಗವಚಿಕೊಂಡು ತಂದಿದ್ದೆವಲ್ಲ, ಒಬ್ಬರಿಗೆ ಹೊರಲಾಗುತ್ತಿರಲಿಲ್ಲ. ಕಾಲ್ಬೆರಳಿನ ಚೂರನ್ನೂ ಬಿಡದೆ ಬೂದಿಯಿಂದ ಕಡ್ಡಿಯಲ್ಲಿ ಆರಿಸಿದ್ದೆವು. ನನ್ನ ಮಗಳು ಇಷ್ಟೇ ಇಷ್ಟೇನಾ? ಉಳಿದದ್ದನ್ನು ಎಲ್ಲಿ ಚೆಲ್ಲಿದರು? ದಹನದ ದಿನ ಬಾರದ ನನಗೆ ಕೇಳುವ ಬಾಯಿ ಎಲ್ಲಿಂದ ಬರಬೇಕು?

ಬೀಗಿತ್ತಿ ಕಿನುಯೆ ಚಹಾಕ್ಕೆ ನೀರಿಡಲು ಒಳಗೆ ಹೋದರು. ಅಳಿಯ ತಾತ್ಸುಯಾ ಹೊರಗೆ ಫೋನಿನಲ್ಲಿದ್ದ. ನಾನು ಮುಚ್ಚಳ ತೆಗೆದೆ. ಎಲ್ಲಕ್ಕಿಂತ ಮೇಲೆ ಗಂಟಲ ಮೂಳೆ, ಕೈಮುಗಿದು ಕೂತ ಬುದ್ಧನ ಹಾಗೆ. ಇದನ್ನೂ ಇವರು ಕಳೆದುಬಿಡುತ್ತಾರೆ ಅನ್ನಿಸಿತು. ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ಹಾಕಿದೆ. ಮುಚ್ಚಳ ಟಕ್ಕೆಂದಿತು.

"ಬೀಗಿತ್ತಮ್ಮ, ಏನೋ ಬಿದ್ದಂಗಾಯ್ತು?" ಎಂದು ಒಳಗಿನಿಂದ ಕೇಳಿದರು.

"ಏನಿಲ್ಲ, ಧೂಪದ ಡಬ್ಬಿ" ಎಂದೆ. ಅರವತ್ತೊಂಬತ್ತು ವರ್ಷಕ್ಕೆ ನನ್ನ ಮೊದಲ ಕಳ್ಳತನ.

ಆಮೇಲೆ ಊರು ತೋರಿಸಲು ಕರೆದೊಯ್ದರು. ರೈಲು ನಿಲ್ದಾಣದ ಎಸ್ಕಲೇಟರಿನಲ್ಲಿ ಎಡಕ್ಕೆ ನಿಂತಿದ್ದೆ. ಹಿಂದಿನಿಂದ ಯಾರೋ ಭುಜ ಮುಟ್ಟಿದರು. ಸಿಕ್ಕಿಬಿದ್ದೆ ಎಂದು ಜೀವವೇ ಹೋಯಿತು.

"ಅಜ್ಜಿ, ಬಲಕ್ಕೆ ಸರೀರಿ, ನಮಗೆ ಹೊತ್ತಾಯ್ತು!"

"ಟೋಕಿಯೋದೋರ ಥರ ಎಡಕ್ಕೆ ನಿಂತ್ರೆ ಇಲ್ಲಿ ತುಳಿದುಕೊಂಡೇ ಹೋಗ್ತಾರೆ" ಎಂದು ಬೀಗಿತ್ತಿ ನಕ್ಕರು. ನನಗೆ ನಗು ಬರಲಿಲ್ಲ. ಕೋಟೆಯ ಬಾಗಿಲಲ್ಲಿ ಕಾವಲುಗಾರ ನನ್ನ ಚೀಲದ ಕಡೆ ನೋಡಿದ. ಮುಂದೆ ಕೋಟೆಯಲ್ಲಿ ಏನು ನೋಡಿದೆನೋ ತಿಳಿಯದು. ಮೆಟ್ಟಿಲು ಹತ್ತುವಾಗ ತಾತ್ಸುಯಾ, "ಕೊಡಿ ಅತ್ತೆ, ಚೀಲ ನಾನು ಹಿಡ್ಕೋತೀನಿ" ಎಂದು ಕೈಚಾಚಿದ. "ಬೇಡ!" ಎಂದು ಕೂಗಿಬಿಟ್ಟೆ. ಪಾಪ, ಹುಡುಗ ಬಾಡಿಹೋದ. ತನ್ನ ಮೇಲೆ ಸಿಟ್ಟೆಂದುಕೊಂಡಿರಬೇಕು.

ಮಧ್ಯಾಹ್ನ ಕಡ್ಡಿಗೆ ಚುಚ್ಚಿ ಕರಿದ ತಿಂಡಿಯ ಅಂಗಡಿಯಲ್ಲಿ ಕೂತೆವು. ಕಚ್ಚಿದ ತುಂಡನ್ನೇ ಮತ್ತೆ ಎಲ್ಲರಿಗೂ ಸೇರಿದ ಒಂದೇ ಸಾರಿನ ಪಾತ್ರೆಗೆ ಅದ್ದಹೊರಟೆ. ಅಂಗಡಿಯವನು, "ಅಜ್ಜೀ! ಅದ್ದೋದು ಒಂದೇ ಸಲ! ಎರಡನೇ ಸಲ ಅದ್ದಿದೋರು ಸಂಜೆ ತನಕ ಪಾತ್ರೆ ತೊಳೀಬೇಕು!" ಎಂದು ಗದರಿದ. ಸುತ್ತಲಿದ್ದವರೆಲ್ಲ ನಕ್ಕರು. ಆ ನಗುವಿನ ನಡುವೆ ಧೈರ್ಯ ಮಾಡಿ ಕೇಳಿಯೇಬಿಟ್ಟೆ, ಕುಡಿಕೆ ಅಷ್ಟು ಚಿಕ್ಕದೇಕೆ ಎಂದು.

ಬೀಗಿತ್ತಿ ಕಡ್ಡಿ ಕೆಳಗಿಟ್ಟರು. "ಅಯ್ಯೋ, ನಿಮಗೆ ಯಾರೂ ಹೇಳಲಿಲ್ವಾ? ಈ ಕಡೆ ಎಲ್ಲಾ ತಗೊಳಲ್ಲ ಬೀಗಿತ್ತಮ್ಮ. ಕಾಲಿಂದ ತಲೆವರೆಗೆ ಒಂದೊಂದು ಚೂರು, ಅಷ್ಟೇ. ಉಳಿದಿದ್ದನ್ನ ಸ್ಮಶಾನದೋರೇ ಪೂಜೆ ಮಾಡಿ ಮಣ್ಣಿಗಿಡ್ತಾರೆ. ನಮ್ಮ ಯಜಮಾನ್ರದ್ದೂ ಅಷ್ಟೇ ಕುಡಿಕೆ."

ಯಾರೂ ಏನೂ ಚೆಲ್ಲಿರಲಿಲ್ಲ, ತೊವಾ.

ಆಗ ತಾತ್ಸುಯಾ ತಲೆ ತಗ್ಗಿಸಿಯೇ ಹೇಳಿದ. "ಗಂಟಲ ಮೂಳೆ ನಾನೇ ಎತ್ತಿ ಮೇಲಿಟ್ಟೆ ಅತ್ತೆ. ನಾಳೆ ಗುರುಗಳು ಮುಚ್ಚಳ ತೆಗೆದಾಗ ಅದನ್ನ ನಿಮ್ಮ ಕೈಗೇ ಕೊಡಿಸ್ತೀನಿ. ನಿಮ್ಮೂರು ಅಕಿತಾಗೆ ತಗೊಂಡೋಗಿ, ಅವಳ ಅಪ್ಪನ ಪಕ್ಕ ಇಡಿ. ಅಮ್ಮನೂ ಹೂಂ ಅಂದಿದ್ದಾರೆ."

ನನಗೇ ಕೊಡಲಿದ್ದದ್ದನ್ನು ನಾನು ಕದ್ದೆ. ನಾಳೆ ಎಲ್ಲರೆದುರು ಮುಚ್ಚಳ ತೆಗೆಯುತ್ತಾರೆ, ಅದು ಅಲ್ಲಿರುವುದಿಲ್ಲ. ತಾತ್ಸುಯಾ ತಾನೇ ಕಳೆದೆನೆಂದುಕೊಳ್ಳುತ್ತಾನೆ. ಬದುಕಿರುವಷ್ಟು ದಿನ ಹಾಗೆಯೇ ಅಂದುಕೊಂಡಿರುತ್ತಾನೆ. ಅಂಗಡಿಯಲ್ಲೇ ಹೇಳಬೇಕಿತ್ತು. ಕೋಣೆಗೆ ಬಂದ ಮೇಲೆ ಎರಡು ಸಲ ಫೋನು ಎತ್ತಿ ಇಟ್ಟೆ. ಕರವಸ್ತ್ರ ಮೇಜಿನ ಮೇಲಿದೆ. ಬಿಚ್ಚಿ ನೋಡಲೂ ಭಯ, ಬಿಟ್ಟು ಆಚೆ ಹೋಗಲೂ ಭಯ.

ನಿನ್ನ ಅಕ್ಕ,
ನುಯಿ

ಮರೆತಿದ್ದೆ: ಮರೆತದ್ದಲ್ಲ, ಬರೆಯಲು ಅಂಜಿದ್ದೆ. ದಹನದ ದಿನ ಹಿಮ ಬಿದ್ದು ರೈಲು ನಿಂತಿತ್ತೆಂದು ನಿನಗೂ ಅವರಿಗೂ ಹೇಳಿದ್ದು ಸುಳ್ಳು. ರೈಲು ಬಂತು, ಹೋಯಿತು. ಟಿಕೆಟ್ಟು ಕೈಯಲ್ಲೇ ಇತ್ತು. ಕಡ್ಡಿಯಲ್ಲಿ ಹಿಡಿದು ನನ್ನ ಮಗುವಿನ ಮೂಳೆ ಎತ್ತಬೇಕಲ್ಲ ಎಂದು ಹೆದರಿ ನಿಲ್ದಾಣದ ಬೆಂಚಿನ ಮೇಲೆ ಕೂತೇ ಇದ್ದೆ. ಇವತ್ತು ಬರಿಗೈಯಲ್ಲಿ ಎತ್ತಿದೆ. ನಾಳೆ ಒಂಬತ್ತೂವರೆಗೆ, ಪೂಜೆಗೆ ಮುಂಚೆ, ತಾತ್ಸುಯಾ ನನ್ನನ್ನು ಕರೆದೊಯ್ಯಲು ಒಬ್ಬನೇ ಬರುತ್ತಾನೆ.